ಮಿತಿನಿಯ ಅಣ್ಣ

ಉರ್ವ, ಮಂಗಳೂರು
24 ಜೂನ್ 2024

ಸಂಚಿತಾ,

ನಿನಗೆ ನನ್ನ ಫೋನು ಹೋಗುವುದಿಲ್ಲ. ವಾಟ್ಸಾಪಿನಲ್ಲಿ ನಿನ್ನ ಫೋಟೊ ಇದ್ದ ಜಾಗದಲ್ಲಿ ಬೂದು ಬಣ್ಣದ ಬುರುಡೆಯೊಂದು ಕೂತಿದೆ. ಬ್ಲಾಕ್ ಮಾಡಿದ್ದಿ ಎಂದು ತಿಳಿಯದಷ್ಟು ಪೆದ್ದಿ ನಾನಲ್ಲ. ಕಾಗದವನ್ನು ಬ್ಲಾಕ್ ಮಾಡುವ ಬಟನ್ ಇನ್ನೂ ಬಂದಿಲ್ಲವಲ್ಲ, ಅದಕ್ಕೇ ಇದು. ತುಳುವಿನಲ್ಲಿ ಬರೆಯೋಣವೆಂದರೆ ಬೈಗುಳವೇ ಮೊದಲು ಬರುತ್ತದೆ, ಕನ್ನಡದಲ್ಲಾದರೆ ಸ್ವಲ್ಪ ಮರ್ಯಾದೆ ಉಳಿದೀತು. ಕಾನ್ವೆಂಟಿನ ನಿನಗೆ ಕನ್ನಡ ಪ್ರಬಂಧಗಳನ್ನೆಲ್ಲ ಬರೆದುಕೊಟ್ಟವಳು ಈ ಸರಕಾರಿ ಶಾಲೆಯ ತುಳಸಾಳೇ. ನನ್ನ ಅಕ್ಷರ ಓದಲು ನಿನಗೆ ತೊಂದರೆಯಾಗದು.

ವಿಷಯ ನಿನಗೆ ಗೊತ್ತು, ಆದರೂ ಒಮ್ಮೆ ನನ್ನ ಬಾಯಲ್ಲಿ ಕೇಳು. ನಿನ್ನ ಅಣ್ಣ ತುಷಾರ್ ಮತ್ತು ನಾನು ಮದುವೆಯಾಗಬೇಕೆಂದಿದ್ದೇವೆ. ಮೊದಲು ಕೇಳಿದ್ದು ಅವನೇ, ಕದ್ರಿ ಪಾರ್ಕಿನ ಹೊರಗೆ ಕಬ್ಬಿನ ಹಾಲು ಕುಡಿಯುತ್ತ. ನಾನು ಅಂದು ಒಪ್ಪಲಿಲ್ಲ. ಬಂದರಿನ ನಿಮ್ಮ ಹೋಟೆಲಿನ ಕೆಲಸದ ನಡುವೆ ಅವನು ನಾನು ಕೆಲಸ ಮಾಡುವ ಕ್ಲಿನಿಕ್ಕಿಗೆ ಇಲ್ಲದ ಹಲ್ಲುನೋವು ಹೇಳಿಕೊಂಡು ಬರತೊಡಗಿದ ಮೇಲೆ ಒಪ್ಪಿದೆ. ಏಪ್ರಿಲಿನಲ್ಲಿ ಅವನು ಮನೆಯಲ್ಲಿ ಬಾಯಿ ಬಿಟ್ಟ. ನಿನ್ನ ಅಮ್ಮ ಸ್ನೇಹಲತಾ ಆಂಟಿ ಹೇಳಿದ್ದನ್ನು ಅವನೇ ನನಗೆ ಹೇಳಿದ: "ಗೇಟು ತೆಗೆಯುವವನ ಮಗಳಿಗೆ ಆ ಗೇಟಿನಲ್ಲೇ ದಿಬ್ಬಣ ಬರ್ಲಿಕ್ಕೆ ಉಂಟಾ?"

ಇದು ನಿರೀಕ್ಷಿಸಿದ್ದೇ. ನಿನ್ನ ಅಮ್ಮನ ಉತ್ತರಕ್ಕೆ ನಾನು ತಯಾರಾಗಿದ್ದೆ. ತಯಾರಾಗದೆ ಇದ್ದದ್ದು ನನ್ನ ಅಪ್ಪನ ಉತ್ತರಕ್ಕೆ.

ಅಪ್ಪ ಹೆದರುತ್ತಾರೆ, ಧಣಿಗಳ ಮನೆಯ ಮಗ ಎಂದು ಬೆವರುತ್ತಾರೆ, ಕೊನೆಗೆ ಹೇಗೋ ಒಪ್ಪುತ್ತಾರೆ ಎಂದುಕೊಂಡಿದ್ದೆ. ಅವರು ಹೆದರಲೇ ಇಲ್ಲ. ನಾನೇನೋ ಬಾಯಲ್ಲಿ ಹೇಳಬಾರದ ಹೊಲಸನ್ನು ಹೇಳಿದಂತೆ ನನ್ನನ್ನೇ ನೋಡಿದರು. ಆಮೇಲೆ "ಅವನು ನಿನ್ನ ಅಣ್ಣ" ಎಂದರು.

ಥಾಣೆಯ ನೀರು ಕುಡಿದು ನೀನು ಮರೆತಿದ್ದರೆ ನೆನಪಿಸುತ್ತೇನೆ. ನಮಗಿಬ್ಬರಿಗೆ ಆಗ ಎಂಟು ವರ್ಷ. ಅಪ್ಪ ಕದ್ರಿಯಲ್ಲಿ ನಿಮ್ಮ ಮನೆಯ ಗೇಟಿನಲ್ಲಿದ್ದರು, ನಾವು ಗೇಟಿನ ಪಕ್ಕದ ಕೋಣೆಯಲ್ಲಿ. ನಮ್ಮ ದಶೈಂ ಹಬ್ಬದ ದಿನ, ಅಂದರೆ ನಿಮ್ಮ ದಸರಾ ದಿನ, ಅಪ್ಪ ಕಾರ್ ಶೆಡ್ಡಿನಲ್ಲಿ ಚಾಪೆ ಹಾಸಿ ನಮ್ಮಿಬ್ಬರನ್ನು ಎದುರುಬದುರು ಕೂರಿಸಿದರು. ಮೊಸರು, ಅಕ್ಕಿ, ಕುಂಕುಮ ಕಲಸಿದ ಟೀಕಾವನ್ನು ನಾನು ನಿನ್ನ ಹಣೆಗೆ ಹಚ್ಚಿದೆ, ನೀನು ನನ್ನ ಹಣೆಗೆ ಹಚ್ಚಿದೆ. ಹಾರ ಬದಲಾಯಿಸಿದೆವು. ನಿನ್ನ ಫ್ರಾಕು ನನಗೆ ಬಂತು, ನನ್ನದು ನಿನಗೆ. ಹಾಗೆ ನಾವು ಮಿತಿನಿಯರಾದೆವು. ನೇಪಾಳದಲ್ಲಿ, ಅಪ್ಪನ ಊರು ಅಛಾಮಿನಲ್ಲಿ, ಇದು ಒಡಹುಟ್ಟಿನಷ್ಟೇ ಗಟ್ಟಿ. ಜಾತಿ, ಭಾಷೆ ಯಾವುದೂ ಅಡ್ಡಿಯಿಲ್ಲ. ಮಿತಿನಿಯ ಅಪ್ಪ ಅಮ್ಮ ತನ್ನ ಅಪ್ಪ ಅಮ್ಮ, ಮಿತಿನಿಯ ಅಣ್ಣ ತನ್ನ ಅಣ್ಣ. ಆ ಎರಡು ಮನೆಗಳ ನಡುವೆ ಮದುವೆ ಎಂಬ ಮಾತೇ ಇಲ್ಲ. ನಿನ್ನ ಪಪ್ಪ ಮಹಾಬಲ ಅಂಕಲ್ ಅಂದು ಕೆಳಗಿಳಿದು ಬಂದು, ನೋಡಿ, ನಕ್ಕು, "ಆಯ್ತು ಮಾರಾಯ, ಮಾಡು" ಎಂದಿದ್ದರು. ಆ ದಿನದ ನಂತರ ಅಪ್ಪ ನಿನ್ನನ್ನು ಹೆಸರು ಹಿಡಿದು ಕರೆದದ್ದಿಲ್ಲ, ಮಗಳೇ ಎಂದೇ ಕರೆದರು. ಮಹಾಬಲ ಅಂಕಲ್ ತೀರಿಕೊಂಡಾಗ ನಾನು ಮಗಳ ಹಾಗೆ ಬೊಜ್ಜದ ದಿನದ ಉತ್ತರಕ್ರಿಯೆ ಮುಗಿಯುವವರೆಗೂ ಉಪ್ಪು ಮುಟ್ಟಲಿಲ್ಲ. ನಿಮ್ಮ ಮನೆಯಲ್ಲಿ ಯಾರಿಗೂ ಅದು ತಿಳಿದಿರಲಿಕ್ಕಿಲ್ಲ.

ಈಗ ನೋಡು ತಮಾಷೆ. ನಾವು ನಿಮ್ಮವರಲ್ಲ ಎಂದು ನಿನ್ನ ಅಮ್ಮ ಬೇಡ ಅನ್ನುತ್ತಾರೆ. ನಾವು ನಿಮ್ಮವರೇ ಎಂದು ನನ್ನ ಅಪ್ಪ ಬೇಡ ಅನ್ನುತ್ತಾರೆ. ನಾನು ಯಾರ ಹತ್ತಿರ ಜಗಳ ಆಡಲಿ?

ಅಪ್ಪ ಒಂದು ದಾರಿ ಬಿಟ್ಟಿದ್ದಾರೆ. ಮಿತಿನಿ ಕಟ್ಟಿದ್ದು ಇಬ್ಬರು. ಇನ್ನೊಬ್ಬಳು ತಾನಾಗಿ, ಅದು ಮಕ್ಕಳಾಟವಾಗಿತ್ತು, ನಾನು ಅದನ್ನು ಸಂಬಂಧವೆಂದು ತಿಳಿದೇ ಇಲ್ಲ ಎಂದು ಹೇಳಿದರೆ ತಾನು ಅಡ್ಡ ಬರುವುದಿಲ್ಲ ಅನ್ನುತ್ತಾರೆ. ಫೋನಿನಲ್ಲಿ ನಿನ್ನನ್ನು ಇದನ್ನೆಲ್ಲ ಕೇಳಲು ಅವರಿಗೆ ಸಂಕೋಚ. ನಾಲ್ಕು ಸಾಲು ಬರೆ. ಅವರಿಗೆ ಕನ್ನಡ ಓದಲು ಬರುವುದಿಲ್ಲ, ನಾನು ಓದಿ ಹೇಳುತ್ತೇನೆ. ನಾನೇ ಬರೆದು ನಾನೇ ಓದಿಬಿಡಬಹುದಿತ್ತು, ಆದರೆ ಅಪ್ಪನ ಎದುರು ಅಷ್ಟು ದೊಡ್ಡ ಸುಳ್ಳು ನನ್ನಿಂದ ಆಗದು. ಬೇಗ ಬರೆ.

ತುಳಸಾ


ಥಾಣೆ
16 ಜುಲೈ 2024

ಪ್ರೀತಿಯ ತುಳಸಾ,

ನನ್ನ ಕನ್ನಡವನ್ನು ನೀನೇ ತಿದ್ದಿಕೊಂಡು ಓದು. ಬರೆಯದೆ ಎಷ್ಟು ಕಾಲವಾಯಿತೋ.

ಬ್ಲಾಕ್ ಮಾಡಿದ್ದು ನಿಜ. ಮಮ್ಮಿ ಪಪ್ಪನ ಫೋಟೊದ ಎದುರು ನಿಲ್ಲಿಸಿ ಆಣೆ ಹಾಕಿಸಿದರು. ಕಾಗದದ ಬಗ್ಗೆ ಆಣೆಯಲ್ಲಿ ಏನೂ ಇರಲಿಲ್ಲ. ಹಾಗಾಗಿ ಹೀಗೇ ಬರೆಯೋಣ, ಫೋನಿನಲ್ಲಾದರೆ ನೀನು ಬೈಯುತ್ತಿ, ನಾನು ಅಳುತ್ತೇನೆ, ಇಬ್ಬರದೂ ಮುಗಿಯುವುದಿಲ್ಲ.

ನೀನು ಬರೆದ ಆ ದಿನ ನನಗೆ ಸರಿಯಾಗಿ ನೆನಪಿಲ್ಲ. ಫ್ರಾಕು ನೆನಪುಂಟು, ಕಿತ್ತಳೆ ಬಣ್ಣದ್ದು, ತೋಳಿನಲ್ಲಿ ಬಿಗಿಯಾಗಿತ್ತು. ಉಳಿದದ್ದು ಮಸುಕು. ನೆನಪೇ ಇಲ್ಲದ್ದನ್ನು ಆಟ ಎಂದು ಹೇಗೆ ಬರೆಯಲಿ, ನಿಜ ಎಂದು ಹೇಗೆ ಬರೆಯಲಿ? ಮತ್ತೆ ಬರೆದರೆ ಅದು ಮಮ್ಮಿಗೆ ಹೇಗಾದರೂ ಗೊತ್ತಾಗುತ್ತದೆ. ನಾನು ಇಲ್ಲಿ ಅತ್ತೆಯ ಮನೆಯಲ್ಲಿದ್ದೇನೆ, ನನ್ನ ಪರವಾಗಿ ಮಾತಾಡಲು ಉಳಿದಿರುವುದು ತವರು ಮನೆಯೊಂದೇ. ಸ್ವಲ್ಪ ಸಮಯ ಕೊಡು.

ನಮ್ಮ ಸೊಸೈಟಿಯ ವಾಚ್‌ಮನ್ ನೇಪಾಳದವನೇ. ಅವನ ಹೆಂಡತಿ ಪಾತ್ರೆ ತೊಳೆಯಲು ಬರುತ್ತಾಳೆ. ಅತ್ತೆ ಅವಳಿಗೆ ಚಹಾ ಕೊಡಲು ಒಂದು ಸ್ಟೀಲ್ ಲೋಟವನ್ನು ಕಿಟಕಿಯ ಹೊರಗೆ ಇಟ್ಟಿದ್ದಾರೆ. ನಿನ್ನ ಕಾಗದ ಬಂದ ಮೇಲೆ ಅದು ಕಣ್ಣಿಗೆ ಬೀಳುತ್ತಿದೆ. ಮೊದಲೂ ಅಲ್ಲೇ ಇತ್ತು.

ಇನ್ನೊಂದು. ನಿನ್ನ ಅಪ್ಪ ಬೇಡ ಅನ್ನಲು ಕಾರಣ ಏನೆಂದು ಮಮ್ಮಿಗೆ ಫೋನಿನಲ್ಲಿ ಹೇಳಿದೆ. ನಿಮ್ಮ ಬಗ್ಗೆ ಅವರಿಗೆ ಒಳ್ಳೆಯ ಅಭಿಪ್ರಾಯ ಬರಲಿ ಎಂದೇ ಹೇಳಿದ್ದು. ಅವರು ಮೊದಲು ಜೋರಾಗಿ ನಕ್ಕರು. ಆಮೇಲೆ, "ಅಣ್ಣ ತಂಗಿ ಅಂತ ಆ ಪದಮನೇ ಹೇಳಿದ್ನಾ?" ಎಂದು ಎರಡು ಸಲ ಕೇಳಿದರು.

ಸಂಚಿತಾ


ಉರ್ವ
20 ಆಗಸ್ಟ್ 2024

ಸಂಚಿತಾ,

ನಿನ್ನ ಕಾಗದವನ್ನು ಹರಿದು ಹಾಕಬೇಕೆಂದು ತೆಗೆದವಳು ಮತ್ತೆ ಓದಿದೆ. ಫ್ರಾಕಿನ ತೋಳು ಬಿಗಿಯಾದದ್ದು ನೆನಪುಂಟು, ಅದನ್ನು ತೊಡಿಸಿದ್ದು ಯಾಕೆಂದು ನೆನಪಿಲ್ಲ. ಶಾಭಾಸ್.

ಇದನ್ನು ಕ್ಲಿನಿಕ್ಕಿನ ಮುಂದಿನ ಟೇಬಲಿನಲ್ಲಿ ಕೂತು ಬರೆಯುತ್ತಿದ್ದೇನೆ. ಒಳಗೆ ಡಾಕ್ಟರ್ ಯಾರದೋ ದವಡೆ ಹಲ್ಲು ಕೀಳುತ್ತಿದ್ದಾರೆ. ಈಗಷ್ಟೇ ಒಬ್ಬರು ಹೆಂಗಸು ಹೆಸರು ಬರೆಸಿ, ನನ್ನ ಮುಖ ನೋಡಿ, ಊರು ಎಲ್ಲಿ ಎಂದರು. ಉರ್ವ ಎಂದೆ. ಅಲ್ಲಮ್ಮ, ನಿಜವಾದ ಊರು ಎಂದರು. ತುಳುವಿನಲ್ಲಿ ಉತ್ತರ ಕೊಟ್ಟೆ. ಆಹಾ, ಎಷ್ಟು ಚಂದ ಮಾತಾಡ್ತಾಳೆ ಎಂದು ಪಕ್ಕದವರಿಗೆ ತೋರಿಸಿದರು. ಈ ಊರಿನ ಆಸ್ಪತ್ರೆಯಲ್ಲಿ ಹುಟ್ಟಿದ ನಾನು ಈ ಊರಿನ ಭಾಷೆ ಮಾತಾಡಿದರೆ ಅದು ಪ್ರತಿಭೆ.

ಕಳೆದ ವಾರ ಇನ್ನೊಂದಾಯಿತು. ಯಾವುದೋ ಊರಿನಲ್ಲಿ ನೇಪಾಳಿ ಗಂಡಹೆಂಡತಿ ಮನೆ ದೋಚಿ ಓಡಿದರಂತೆ, ಅದರ ವಿಡಿಯೊ ಅಪ್ಪ ಈಗ ಗೇಟು ಕಾಯುವ ನಮ್ಮ ಅಪಾರ್ಟ್‌ಮೆಂಟಿನ ಗ್ರೂಪಿಗೂ ಬಂತು. ಕಾರ್ಯದರ್ಶಿ ವಾಲ್ಟರ್ ಅಂಕಲ್ ಕೆಳಗೆ ಬಂದು, ತಪ್ಪು ತಿಳ್ಕೊಳ್ಬೇಡಿ, ಎಲ್ಲರೂ ಹೇಳ್ತಾರೆ, ಒಮ್ಮೆ ಪೊಲೀಸ್ ಸ್ಟೇಷನ್ನಿಗೆ ಹೋಗಿ ಬೆರಳಚ್ಚು ಕೊಟ್ಟು ಬನ್ನಿ ಎಂದರು. ನಿನ್ನ ಪಪ್ಪ ಆ ಕಟ್ಟಡದ ಅಡಿಪಾಯ ಹಾಕುವಾಗ ಸಿಮೆಂಟಿಗೆ ಕಾವಲು ನಿಂತವರು ನನ್ನ ಅಪ್ಪ. ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗಿ ಬೆರಳಚ್ಚು ಕೊಟ್ಟು ಬಂದರು. ಬಂದವರು ಪಂಪ್ ಶೆಡ್ಡಿನ ಪಕ್ಕದ ನಮ್ಮ ಕೋಣೆಯಲ್ಲಿ ಕೈ ತೊಳೆದೇ ತೊಳೆದರು, ಆ ಶಾಯಿ ಹೋಗುವುದಿಲ್ಲ. ನನಗೆ ಕೂಗಾಡಬೇಕೆನಿಸಿತು. ಅಪ್ಪ ಹೇಳಿದ್ದೇನು ಗೊತ್ತೇ? ಬೇರೆಯವರು ಕೇಳುತ್ತಾರೆ, ಕೇಳಲಿ, ನಮಗೆ ಈ ಊರಿನಲ್ಲಿ ಕದ್ರಿಯ ಒಂದು ಮನೆ ಉಂಟಲ್ಲ, ಆ ಮನೆಯವರು ನಮ್ಮನ್ನು ಬಲ್ಲರು.

ಅದು ನಿಮ್ಮ ಮನೆ. ಅವರಿಗೆ ಊರು ಅಂದರೆ ಅಷ್ಟೇ. ಅಛಾಮಿನಲ್ಲಿ ಏನು ಉಳಿದಿದೆ? ಡಿಗ್ರಿ ಮುಗಿದ ವರ್ಷ ಅಲ್ಲಿಗೆ ಹೋಗಿದ್ದೆವಲ್ಲ. ಅಪ್ಪನ ಅಕ್ಕತಂಗಿಯರು ನನ್ನ ನೇಪಾಳಿ ಕೇಳಿ ಸೆರಗು ಬಾಯಿಗಿಟ್ಟು ನಕ್ಕರು. ನೀರಿನ ನಳ್ಳಿಯ ಹತ್ತಿರ ನನ್ನನ್ನು ಇಂಡಿಯಾದವಳು ಎಂದೇ ಕರೆದರು. ಇಲ್ಲಿ ನೇಪಾಳದವಳು, ಅಲ್ಲಿ ಇಂಡಿಯಾದವಳು, ನಡುವೆ ರೈಲಿನಲ್ಲಿ ಕೂತಿದ್ದಾಗ ಮಾತ್ರ ಯಾರೂ ಏನೂ ಅನ್ನಲಿಲ್ಲ.

ನೀನು ಕೇಳಬಹುದು, ಅಪ್ಪನನ್ನು ಬಿಟ್ಟು ತುಷಾರನ ಜೊತೆ ನೇರವಾಗಿ ರಿಜಿಸ್ಟ್ರಾರ್ ಆಫೀಸಿಗೆ ಹೋಗಬಾರದೇ ಎಂದು. ಅವನೂ ಅದನ್ನೇ ಹೇಳುತ್ತಿದ್ದ. ಹೇಳುತ್ತಿದ್ದ, ಈಗ ಕಡಿಮೆ. ಮೊದಲು ಸೆಪ್ಟೆಂಬರ್ ಅಂದ, ಈಗ ದಸರಾ ಕಳೆಯಲಿ ಅನ್ನುತ್ತಾನೆ, ಹೋಟೆಲಿನ ಲೈಸೆನ್ಸ್ ಮಮ್ಮಿಯ ಹೆಸರಿನಲ್ಲುಂಟು ಅನ್ನುತ್ತಾನೆ. ಅದಿರಲಿ. ನಾನು ಓಡಿಹೋದರೆ ನಿನ್ನ ಅಮ್ಮನಿಗೆ ಬರೀ ಸಿಟ್ಟು. ನನ್ನ ಅಪ್ಪನಿಗೆ ಮಗಳು ಅಣ್ಣನ ಜೊತೆ ಓಡಿಹೋದಳು ಎಂದಾಗುತ್ತದೆ. ಆಮೇಲೆ ಅವರು ಊಟ ಮಾಡುವುದಿಲ್ಲ, ನನಗೆ ಗೊತ್ತು.

ನೀನು ಬರೆ ಸಂಚಿತಾ. ನೆನಪಿಲ್ಲ ಅಂದಿಯಲ್ಲ, ಹಾಗೇ ಬರೆ, ನೆನಪಿಲ್ಲ ಎಂದು. ಅಷ್ಟೇ ಸಾಕು.

ತುಳಸಾ


ಉರ್ವ
13 ಅಕ್ಟೋಬರ್ 2024

ಸಂಚಿತಾ,

ಎರಡು ತಿಂಗಳು ಕಾದೆ. ನಿನ್ನಿಂದ ಕಾಗದ ಬರಲಿಲ್ಲ, ನಿನ್ನ ಅಮ್ಮನೇ ಬಂದರು.

ನಿನ್ನೆ ದಶೈಂ ಟೀಕಾ. ಮಣ್ಣಗುಡ್ಡೆಯ ಕಡೆಯಿಂದ ಹುಲಿವೇಷದ ತಾಸೆಯ ಬಡಿತ ಕೇಳುತ್ತಿತ್ತು, ಅಮ್ಮ ಸೇಲ್ ರೊಟ್ಟಿ ಕರಿಯುತ್ತಿದ್ದಳು. ಕಾರು ಬಂತು. ಅಪ್ಪ ಗೇಟು ತೆಗೆಯಲು ಓಡಿದರು. ಆಂಟಿ ಗೇಟಿನ ಹೊರಗೇ ಕಾರು ನಿಲ್ಲಿಸಿ ಇಳಿದು, ನಡೆದು ನಮ್ಮ ಕೋಣೆಗೆ ಬಂದರು. ಕಾಂಜೀವರಂ ಸೀರೆ, ಕೈಯಲ್ಲಿ ಹಣ್ಣಿನ ಬುಟ್ಟಿ. ಅಪ್ಪ ನಿಮ್ಮ ಮನೆತನಕ್ಕೆ ದುಡಿಯಲು ಶುರು ಮಾಡಿದ ಮೇಲೆ ಅವರು ನಮ್ಮ ಹೊಸ್ತಿಲು ದಾಟಿದ್ದು ಇದೇ ಮೊದಲು. ಅಪ್ಪ ಪ್ಲಾಸ್ಟಿಕ್ ಕುರ್ಚಿಯನ್ನು ತನ್ನ ಅಂಗಿಯಲ್ಲೇ ಒರೆಸಿದರು. ಅವರು ಕೂತರು, ಚಹಾ ಕುಡಿದರು, ನಮ್ಮ ಲೋಟದಲ್ಲೇ.

ಮತ್ತೆ ಅಪ್ಪನ ಹತ್ತಿರ ತನಗೂ ಟೀಕಾ ಹಚ್ಚಬೇಕೆಂದರು. ಅಪ್ಪ ಹಚ್ಚುವಾಗ ಮೊಸರು ಅವರ ಸೀರೆಗೆ ಬಿತ್ತು. ಅದಕ್ಕೂ ನಕ್ಕರು. ಆಮೇಲೆ ಹೇಳಿದ ಮಾತನ್ನು ಹಾಗೇ ಬರೆಯುತ್ತೇನೆ: "ನಮ್ಮಲ್ಲಿ ಬರಿ ಅಂತ ಉಂಟು ಪದಮ್, ತಾಯಿ ಕಡೆಯ ಕುಲ. ಒಂದೇ ಬರಿಯವರು ಅಣ್ಣ ತಂಗಿ, ಮದುವೆ ಆಗ್ಲಿಕ್ಕಿಲ್ಲ. ನಿಮ್ಮ ಮಗಳು ಸಂಚಿತನ ಮಿತಿನಿ ಅಂದ್ರೆ ನಮ್ಮ ಬರಿಯವಳೇ ಆದಳು. ಅವಳು ನಮ್ಮ ಮನೆ ಮಗಳು. ಇದನ್ನು ನಾನು ಮೊದ್ಲೇ ಬಂದು ಹೇಳ್ಬೇಕಿತ್ತು."

ಅಪ್ಪ ಅತ್ತರು. ನಾನು ಹುಟ್ಟಿದ ಮೇಲೆ ಅವರು ಅತ್ತದ್ದನ್ನು ನಾನು ಕಂಡಿರಲಿಲ್ಲ. ಪೊಲೀಸರು ಬೆರಳಿಗೆ ಶಾಯಿ ಹಚ್ಚಿದಾಗಲೂ ಅವರ ಕಣ್ಣಲ್ಲಿ ನೀರು ಬಂದಿರಲಿಲ್ಲ. ನೋಡು, ನಾನು ಹೇಳಿರಲಿಲ್ಲವೇ ಎಂಬಂತೆ ನನ್ನ ಕಡೆ ತಿರುಗಿದರು. ಆ ಮುಖದಲ್ಲಿದ್ದ ಸಂತೋಷ ನನಗೆ ಬೇಡವಾಗಿತ್ತು.

ನಿನ್ನ ಅಮ್ಮ ಜಾಣೆ. ನೀನು ಫೋನಿನಲ್ಲಿ ಕೊಟ್ಟದ್ದನ್ನು ಅವರು ಜೋಪಾನವಾಗಿ ಇಟ್ಟುಕೊಂಡು ಹಬ್ಬದ ದಿನ ತಂದರು. ಅವರು ಹೋದ ಮೇಲೆ ಅಡುಗೆಯ ಮೂಲೆಯಲ್ಲಿ ಅಮ್ಮನಿಗೆ, ಇದು ಮೋಸ, ನನ್ನನ್ನು ದೂರ ಇಡಲು ಹೂಡಿದ ಆಟ ಎಂದೆ. ಅಮ್ಮ ಬಾಣಲೆಯಿಂದ ಕಣ್ಣು ತೆಗೆಯಲಿಲ್ಲ. "ನನಗೆ ಗೊತ್ತುಂಟು. ನಿನ್ನ ಅಪ್ಪನಿಗೆ ಹೇಳಬೇಡ" ಎಂದಳು.

ಇನ್ನೂ ಮುಗಿದಿಲ್ಲ. ನಮ್ಮ ದೀಪಾವಳಿಯ ಕೊನೆಯ ದಿನ ಭಾಯಿ ಟೀಕಾ, ತಂಗಿಯರು ಅಣ್ಣಂದಿರಿಗೆ ಏಳು ಬಣ್ಣದ ಟೀಕಾ ಹಚ್ಚುವ ದಿನ. ನನಗೆ ಒಡಹುಟ್ಟಿದವರಿಲ್ಲವಾದ್ದರಿಂದ ನಮ್ಮ ಮನೆಯಲ್ಲಿ ಆ ಹಬ್ಬವೇ ಇಲ್ಲ. ಈ ಸಲ ತುಷಾರನನ್ನು ಕಳಿಸಿಕೊಡಿ ಎಂದು ಅಪ್ಪ ಕೇಳಿದರು. ಖಂಡಿತ ಎಂದು ಹೇಳಿ ನಿನ್ನ ಅಮ್ಮ ಕಾರು ಹತ್ತಿದರು.

ತುಷಾರ್ ಬರುವುದಿಲ್ಲ. ಇವತ್ತು ಬೆಳಿಗ್ಗೆ ಫೋನು ಮಾಡಿ ಕೇಳಿದೆ. ಎಂತ ಮರ್ಲ್ ನಿಂಗೆ, ತಲೆ ಸರಿ ಉಂಟಾ, ನಾನು ಬರ್ತೇನಾ, ಸತ್ರೂ ಇಲ್ಲ ಎಂದ. ಅವನು ಬರದಿದ್ದರೆ ಅಪ್ಪ ಯಾಕೆಂದು ಕೇಳುತ್ತಾರೆ. ಆಗ ಹೇಳಲು ನನ್ನ ಕೈಯಲ್ಲಿ ಏನಾದರೂ ಇರಬೇಕು, ನಿನ್ನ ಅಮ್ಮನ ಮಾತಿಗಿಂತ ಮೇಲಿನದು. ಅದು ನಿನ್ನದು ಮಾತ್ರ. ಈಗ ನಾನು ಬೈಯುವುದೂ ಇಲ್ಲ. ಕೈ ಮುಗಿದು ಕೇಳುತ್ತೇನೆ.

ತುಳಸಾ


ಥಾಣೆ
23 ಅಕ್ಟೋಬರ್ 2024

ತುಳಸಾ,

ಇದರೊಳಗೆ ಇನ್ನೊಂದು ಹಾಳೆ ಉಂಟು, ಅದು ನಿನ್ನ ಅಪ್ಪನಿಗೆ. ಸ್ಪೀಡ್ ಪೋಸ್ಟಿನಲ್ಲಿ ಹಾಕುತ್ತಿದ್ದೇನೆ, ಹಬ್ಬದ ಮೊದಲೇ ತಲುಪಬೇಕು.

ಮಮ್ಮಿ ಟೀಕಾ ಹಚ್ಚಿಕೊಂಡ ಫೋಟೊ ನನಗೆ ಕಳಿಸಿದ್ದರು. ಕೆಳಗೆ, ಕೆಲಸ ಆಯ್ತು ಎಂದು ಬರೆದಿದ್ದರು. ಅದನ್ನು ನೋಡಿದ ಮೇಲೆ ನನಗೆ ಸುಮ್ಮನೆ ಕೂರಲು ಆಗಲಿಲ್ಲ. ಈ ಮನೆಯಲ್ಲಿ ಕೋಣೆಯಿಂದ ಕೋಣೆಗೆ ತಿರುಗುತ್ತಲೇ ಇದ್ದೆನೆಂದು ಗಂಡ ಬೈದರು.

ನನಗೆ ಎಲ್ಲ ನೆನಪುಂಟು ತುಳಸಾ. ಚಾಪೆಯ ಒಂದು ಮೂಲೆ ಇಲಿ ಕಡಿದಿತ್ತು. ನಿನ್ನ ಅಮ್ಮ ನನಗೆ ಮೊದಲು ತಿನ್ನಿಸಿ ಆಮೇಲೆ ನಿನಗೆ ತಿನ್ನಿಸಿದರು. ಇನ್ನು ಮೇಲೆ ನನಗೆ ಎರಡು ಅಮ್ಮ ಎಂದು ಶಾಲೆಯಲ್ಲಿ ಎಲ್ಲರಿಗೂ ಹೇಳಿದ್ದೆ. ಆ ಹಾಳೆಯಲ್ಲಿ ಬರೆದದ್ದು ಸುಳ್ಳು. ನಿನಗೆ ಬೇಕು ಅಂದಿ, ಬರೆದೆ. ಓದಿ ಹೇಳು. ಮಮ್ಮಿಗೆ ಗೊತ್ತಾದರೆ ಗೊತ್ತಾಗಲಿ.

ಸಂಚಿತಾ


ಪದಮ್ ಅಂಕಲ್‌ಗೆ ನಮಸ್ಕಾರ.

ಚಿಕ್ಕವರಿದ್ದಾಗ ನಾನು ಮತ್ತು ತುಳಸಾ ಕಾರ್ ಶೆಡ್ಡಿನಲ್ಲಿ ಟೀಕಾ ಹಚ್ಚಿಕೊಂಡದ್ದು ಮಕ್ಕಳಾಟ. ನಾನು ಅದನ್ನು ಯಾವತ್ತೂ ಸಂಬಂಧ ಎಂದು ತಿಳಿದದ್ದಿಲ್ಲ. ತುಳಸಾ ನನ್ನ ಗೆಳತಿ ಮಾತ್ರ. ನನ್ನ ಅಣ್ಣ ಅವಳಿಗೆ ಅಣ್ಣನಲ್ಲ. ಮಮ್ಮಿ ನಿಮಗೆ ಹೇಳಿದ್ದನ್ನು ನಂಬಬೇಡಿ. ನೀವು ಈ ಮದುವೆಗೆ ಒಪ್ಪಬೇಕೆಂದು ಕೇಳಿಕೊಳ್ಳುತ್ತೇನೆ.

ಇಂತಿ,
ಸಂಚಿತಾ


ಉರ್ವ
4 ನವೆಂಬರ್ 2024

ಸಂಚಿತಾ,

ಕಾಗದ ಹಬ್ಬದ ಮೊದಲೇ ಬಂತು. ಕೂಡಲೇ ಓದಿ ಹೇಳಲಿಲ್ಲ. ಅಪ್ಪ ಆ ದಿನಗಳಲ್ಲಿ ಹಾಡು ಗುನುಗುತ್ತಿದ್ದರು. ಅಖ್ರೋಟು ಹುಡುಕಿಕೊಂಡು ಬಂದರಿನ ಅಂಗಡಿಗಳನ್ನೆಲ್ಲ ಸುತ್ತಿದರು, ಅಣ್ಣನಿಗೆ ಕೆಡುಕು ಬಾರದಿರಲಿ ಎಂದು ತಂಗಿ ಅದನ್ನು ಹೊಸ್ತಿಲಲ್ಲಿ ಒಡೆಯಬೇಕು. ವಾಲ್ಟರ್ ಅಂಕಲಿನಿಂದ ಹಿಡಿದು ಹಾಲಿನವನವರೆಗೆ ಎಲ್ಲರಿಗೂ, ನಾಡಿದ್ದು ಕದ್ರಿಯಿಂದ ಮಗ ಬರ್ತಾನೆ ಎಂದು ಹೇಳಿಯಾಗಿತ್ತು. ಅವರ ಖುಷಿಯ ಮುಂದೆ ನಿನ್ನ ಹಾಳೆ ಬಿಡಿಸಲು ನನಗೆ ಧೈರ್ಯ ಬರಲಿಲ್ಲ. ಒಂದು ತೀರ್ಮಾನ ಮಾಡಿದೆ. ತುಷಾರ್ ಹೇಗೂ ಬರುವುದಿಲ್ಲ. ಅವನು ಬಾರದೆ ಹೋದ ಹೊತ್ತಿಗೇ ಓದುತ್ತೇನೆ ಎಂದು ಅದನ್ನು ಅಕ್ಕಿಯ ಡಬ್ಬದ ಕೆಳಗೆ ಇಟ್ಟೆ.

ಅವನು ಬಂದ.

ಬಿಳಿ ಜುಬ್ಬಾ ಹಾಕಿಕೊಂಡು, ಸಿಹಿಯ ಡಬ್ಬ ಹಿಡಿದುಕೊಂಡು, ಸರಿಯಾದ ಹೊತ್ತಿಗೆ ಬಂದ. ಅಪ್ಪ ಅವನನ್ನು ಅಪ್ಪಿಕೊಂಡರು. ಅವನು ನನ್ನ ಮುಖ ನೋಡಲಿಲ್ಲ. ಚಾಪೆಯ ಮೇಲೆ ಚಕ್ಕಳಮಕ್ಕಳ ಕೂತು, ಎಂತ ಮಾಡ್ಬೇಕು ಹೇಳಿ ಎಂದು ಅಪ್ಪನನ್ನೇ ಕೇಳಿದ. ಅಪ್ಪ ಸಾಮಾನು ತರಲು ಆಚೆ ಹೋದಾಗ, "ಮಮ್ಮಿಗೆ ಬಿಪಿ ಉಂಟು ತುಳಸಾ. ಇವತ್ತಿಗೆ ಒಮ್ಮೆ ಮುಗಿಸಿಬಿಡುವ, ಮತ್ತೆ ನೋಡುವ" ಎಂದ.

ಮತ್ತೆ ನೋಡುವುದೇನು? ನೀನೇ ಹೇಳು. ನನ್ನ ಕೈಯಿಂದ ಅಣ್ಣ ಎಂದು ಟೀಕಾ ಹಚ್ಚಿಸಿಕೊಂಡು, ಆಮೇಲೆ ಆ ಟೀಕಾ ಒರೆಸಿಕೊಂಡು ನನ್ನನ್ನು ಮದುವೆಯಾಗುತ್ತಾನಂತೆ. ಅಪ್ಪ ನಂಬಿದ್ದು ತಪ್ಪೋ ಸರಿಯೋ, ಅವರು ನಂಬಿದ್ದನ್ನು ನಂಬಿದವರಂತೆ ನಡೆದುಕೊಳ್ಳುತ್ತಾರೆ. ಇವನಿಗೆ ಒಪ್ಪಿಕೊಳ್ಳುವುದೂ ಒಂದು ಬೆಳಗಿನ ಕೆಲಸ, ಒಲ್ಲೆ ಅನ್ನುವುದೂ ಒಂದು ಫೋನಿನ ಕೆಲಸ. ಇಷ್ಟು ದಿನ ನಿದ್ದೆಗೆಟ್ಟು ನಾನು ನಿನ್ನನ್ನೂ ಅಪ್ಪನನ್ನೂ ಅಲುಗಾಡಿಸಲು ನೋಡಿದೆ. ಅಲುಗಾಡುತ್ತಿದ್ದವನು ಅವನೊಬ್ಬನೇ.

ಎಲ್ಲವನ್ನೂ ಸರಿಯಾಗಿಯೇ ಮಾಡಿದೆ. ಅವನ ಸುತ್ತ ಎಣ್ಣೆಯ ಗೆರೆ ಎಳೆದೆ. ಹಾರ ಹಾಕಿದೆ. ಒಂದೊಂದೇ ಬಣ್ಣ ಹಚ್ಚಿದೆ. ತಿರುಗಿ ಅಣ್ಣನೂ ತಂಗಿಗೆ ಟೀಕಾ ಹಚ್ಚಬೇಕು. ನಮ್ಮಲ್ಲಿ ಮದುವೆಯಲ್ಲಿ ಗಂಡು ಹೆಣ್ಣಿನ ಬೈತಲೆಗೆ ಸಿಂಧೂರ ಹಾಕುತ್ತಾನೆ. ನನ್ನ ಬೈತಲೆಗೆ ಬರುತ್ತದೆ ಎಂದುಕೊಂಡಿದ್ದ ಕೈ ಹಣೆಗೆ ಬಂತು. ಅಷ್ಟು ಹೊತ್ತು ತಡೆದಿದ್ದ ನನಗೆ ಆಗ ಅಳು ಬಂತು. ಅಣ್ಣ ಸಿಕ್ಕಿದ ಸಂತೋಷ ಎಂದು ಅಪ್ಪ ತಿಳಿದುಕೊಂಡು ನನ್ನ ತಲೆ ಸವರಿದರು. ಅಮ್ಮ ಮಾತ್ರ ಗೋಡೆಯ ಕಡೆ ತಿರುಗಿ ನಿಂತಿದ್ದಳು.

ನಿನ್ನ ಹಾಳೆಯನ್ನು ಓದಿ ಹೇಳಲಿಲ್ಲ. ಓದಿದ್ದರೂ ಉಪಯೋಗವಿರಲಿಲ್ಲ, ಪದಮ್ ಅಂಕಲ್ ಎಂಬ ಮೊದಲ ಮಾತಿಗೇ ಅಪ್ಪನಿಗೆ ಇದು ಸುಳ್ಳೆಂದು ಗೊತ್ತಾಗುತ್ತಿತ್ತು. ಅಪ್ಪ ಎಂದಲ್ಲದೆ ನೀನು ಅವರನ್ನು ಯಾವತ್ತಾದರೂ ಹಾಗೆ ಕರೆದದ್ದುಂಟಾ? ಆದರೂ ನೀನು ಬರೆದಿ. ಹೆದರಿಕೆ ಬಿಟ್ಟು ಬರೆದಿ. ಆ ಮನೆಯಲ್ಲಿ ನನಗಾಗಿ ಒಂದು ಸುಳ್ಳನ್ನಾದರೂ ಹೇಳಿದವಳು ನೀನೊಬ್ಬಳು. ಈಗ ಸುಳ್ಳಿನ ಅಗತ್ಯವಿಲ್ಲ. ಆಣೆಯ ಅವಧಿಯೂ ಮುಗಿದಿರಬೇಕು, ಫೋನು ತೆಗೆ.

ತುಳಸಾ


ಉರ್ವ
9 ಡಿಸೆಂಬರ್ 2024

ಸ್ನೇಹಲತಾ ಅಮ್ಮನಿಗೆ ನಮಸ್ಕಾರ.

ಇಷ್ಟು ದಿನ ಆಂಟಿ ಎನ್ನುತ್ತಿದ್ದೆ. ದಶೈಂ ದಿನ ನೀವು ನಮ್ಮ ಕೋಣೆಯಲ್ಲಿ ಹೇಳಿದ ಮೇಲೆ ಹಾಗೆ ಕರೆಯುವುದು ಸರಿಯಲ್ಲ.

ತುಷಾರನ ಮದುವೆಯ ಕಾಗದ ನಿನ್ನೆ ಬಂತು. ಸುರತ್ಕಲ್ಲಿನ ಹುಡುಗಿ, ಒಳ್ಳೆಯ ಮನೆತನ ಎಂದು ಕೇಳಿದೆ. ಕಾಗದ ಕೊಟ್ಟದ್ದು ನಿಮ್ಮ ಡ್ರೈವರ್. ಲಕೋಟೆಯ ಮೇಲೆ ಗೂರ್ಖಾ, ಉರ್ವ ಎಂದಿತ್ತು. ಹಿಂದಿನ ದಿನವೇ ಹಾಲ್‌ಗೆ ಬರಬೇಕು, ಪಾರ್ಕಿಂಗಿಗೆ ಜನ ಕಡಿಮೆ, ಯೂನಿಫಾರ್ಮ್ ಒಗೆದು ಇಟ್ಟುಕೊಳ್ಳಲಿ ಎಂದು ಅವನು ಬಾಯಲ್ಲಿ ಹೇಳಿದ. ಪುಣ್ಯಕ್ಕೆ ಅಪ್ಪ ಆಗ ಮೇಲೆ ಟ್ಯಾಂಕಿನ ಹತ್ತಿರ ಇದ್ದರು, ನಾನೊಬ್ಬಳೇ ಕೇಳಿಸಿಕೊಂಡೆ. ಲಕೋಟೆಯ ಮೇಲಿನ ಬರಹ ಅವರಿಗೆ ಓದಲು ಬರುವುದಿಲ್ಲ. ಮನೆಯವರೆಲ್ಲ ಬರಬೇಕೆಂದು ಬರೆದಿದ್ದಾರೆ ಎಂದು ನಾನು ಓದಿ ಹೇಳಿದ್ದೇನೆ. ಅಪ್ಪನ ಎದುರು ನಾನು ಹೇಳಿದ ಮೊದಲ ಸುಳ್ಳು ಇದು. ಇದನ್ನು ನಿಜ ಮಾಡುವುದು ನಿಮ್ಮ ಕೈಯಲ್ಲಿದೆ.

ಸಂಚಿತಾಳ ಮದುವೆಯಲ್ಲಿ ಅವರು ಬೆಳಿಗ್ಗೆಯಿಂದ ಸಂಜೆಯವರೆಗೆ ಬಿಸಿಲಿನಲ್ಲಿ ಸೀಟಿ ಊದುತ್ತ ಕಾರುಗಳಿಗೆ ಜಾಗ ತೋರಿಸಿದರು. ಒಳಗೆ ಧಾರೆಯಾಗುವಾಗ ವಾದ್ಯ ಜೋರಾದದ್ದನ್ನು ಕೇಳಿ ಹೊರಗೇ ನಿಂತು ಅಕ್ಕಿಕಾಳು ಹಾಕಿದರು. ಅದು ಆಗ. ಈಗ ನಾವು ನಿಮ್ಮ ಬರಿಯವರು ಎಂದು ನೀವೇ ಬಂದು ಹೇಳಿದ್ದೀರಿ. ಅಪ್ಪ ಅದನ್ನು ಊರಿಗೂ ಫೋನು ಮಾಡಿ ಹೇಳಿದ್ದಾರೆ. ಮಗನ ಮದುವೆಗೆಂದು ಕೋಟು ಹೊಲಿಯಲು ಕೊಟ್ಟಿದ್ದಾರೆ.

ಆದ್ದರಿಂದ ಮದುವೆಯ ದಿನ ನಾವು ಮೂವರೂ ಎದುರಿನ ಬಾಗಿಲಿನಿಂದ ಬರುತ್ತೇವೆ. ಅಪ್ಪ ಅಮ್ಮ ಮಂಟಪದ ಎದುರು ಮನೆಯವರ ಸಾಲಿನಲ್ಲಿ ಕೂರುತ್ತಾರೆ. ಮದುಮಗನ ತಂಗಿಯರು ನಿಲ್ಲುವಲ್ಲಿ ಸಂಚಿತಾಳ ಪಕ್ಕ ನಾನು ನಿಲ್ಲುತ್ತೇನೆ. ಅವಳಿಗೆ ಹೇಳಿದ್ದೇನೆ, ಅವಳು ಒಪ್ಪಿದ್ದಾಳೆ. ಇವರು ಯಾರೆಂದು ಸುರತ್ಕಲ್ಲಿನವರು ಕೇಳಿದರೆ ನೀವು ಏನು ಹೇಳಬೇಕೆಂದು ನಿಮಗೆ ಗೊತ್ತು, ಒಮ್ಮೆ ಬಹಳ ಚೆನ್ನಾಗಿ ಹೇಳಿದ್ದೀರಿ. ಪಾರ್ಕಿಂಗಿಗೆ ಬೇರೆ ಜನ ನೋಡಿ.

ತುಷಾರನ ವಿಷಯದಲ್ಲಿ ನೀವು ಹೆದರಬೇಡಿ. ಅವನು ನನಗೆ ಬೇಡ. ಬೇಕಾಗಿದ್ದ ದಿನಗಳಲ್ಲಿ ನನಗೆ ಎಷ್ಟು ಬೇಕಾಗಿದ್ದ ಎಂದು ನಿಮಗೆ ಹೇಳುವುದಿಲ್ಲ. ಆ ನೋವು ನನ್ನದು, ಅದನ್ನು ನಾನು ನೋಡಿಕೊಳ್ಳುತ್ತೇನೆ. ಅಪ್ಪನದು ಮಾತ್ರ ನೀವು ನೋಡಿಕೊಳ್ಳಬೇಕು.

ಇದು ಆಗುವುದಿಲ್ಲವೆಂದಾದರೆ ಕಾಗದ ಬರೆಯಬೇಡಿ, ಡ್ರೈವರನ್ನೂ ಕಳಿಸಬೇಡಿ. ನೀವೇ ಬನ್ನಿ. ಪ್ಲಾಸ್ಟಿಕ್ ಕುರ್ಚಿ ಇಲ್ಲೇ ಇದೆ, ಅಪ್ಪ ಒರೆಸಿ ಕೊಡುತ್ತಾರೆ. ಅದರಲ್ಲಿ ಕೂತು, ಅವರ ಮುಖ ನೋಡಿ, ನಾನು ಅಂದು ಹೇಳಿದ್ದೆಲ್ಲ ಸುಳ್ಳು ಪದಮ್, ನೀವು ನಮ್ಮವರಲ್ಲ ಎಂದು ಹೇಳಿ ಹೋಗಿ. ನಾನು ಪಕ್ಕದಲ್ಲೇ ನಿಂತಿರುತ್ತೇನೆ.

ನೀವೇ ಹೇಳಿದ ಹಾಗೆ ನಿಮ್ಮ ಮನೆ ಮಗಳು,
ತುಳಸಾ ಪದಮ್ ಬೋಹರಾ